ಕೊಳ್ಳೇಗಾಲದ ಆನೆ: ಒಂದು ಪಕ್ಷ ಬೆಳೆದ ಬಗೆ, ಕರಗಿದ ಬಗೆ

ಈ ಸಲ ಸ್ವಲ್ಪ ರಾಜಕೀಯ ಓದೋಣ. ಯಾರಿಗೆ ವೋಟು ಹಾಕಬೇಕು ಅನ್ನೋ ಚರ್ಚೆ ಅಲ್ಲ, ಅದು ನಿಮ್ಮ ನಿಮ್ಮ ಇಷ್ಟ. ನಮ್ಮ ಪ್ರಶ್ನೆ ಬೇರೆ. ಒಂದು ಪಕ್ಷದಲ್ಲಿ ನಾಯಕ ಇರ್ತಾನೆ, ಗುರುತು ಇರುತ್ತೆ, ಕಾರ್ಯಕರ್ತರು ಇರ್ತಾರೆ, ಮೇಲೆ ಹೈಕಮಾಂಡ್ ಇರುತ್ತೆ, ಕೆಳಗೆ ಮತದಾರರು ಇರ್ತಾರೆ. ಸಿವಿಲ್ ಬ್ರಾಂಚಿನವರ ಭಾಷೆಯಲ್ಲಿ ಕೇಳೋದಾದ್ರೆ, ಇದರಲ್ಲಿ ಲೋಡ್ ಹೊರುವ ಕಂಬ ಯಾವುದು? ಯಾವುದನ್ನು ತೆಗೆದರೆ ಕಟ್ಟಡ ಕುಸಿಯುತ್ತೆ?

ಇದಕ್ಕೆ ಉತ್ತರ ಹುಡುಕೋಕೆ ದೆಹಲಿಗೆ ಹೋಗಬೇಕಿಲ್ಲ. ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಯಳಂದೂರು, ಹನೂರು ಸಾಕು.

ಮೊದಲು ನಕ್ಷೆ

ಇಲ್ಲಿ ಎರಡು ವಿಧಾನಸಭಾ ಕ್ಷೇತ್ರಗಳಿವೆ. ಕೊಳ್ಳೇಗಾಲ ಪಟ್ಟಣ, ಯಳಂದೂರು ತಾಲ್ಲೂಕು ಎರಡೂ ಕೊಳ್ಳೇಗಾಲ ಕ್ಷೇತ್ರದಲ್ಲಿವೆ, ಇದು ಪರಿಶಿಷ್ಟ ಜಾತಿಗೆ ಮೀಸಲು. ಮಲೆ ಮಹದೇಶ್ವರ ಬೆಟ್ಟದ ಕಡೆಯ ಹನೂರು ಸಾಮಾನ್ಯ ಕ್ಷೇತ್ರ. ಪಕ್ಕದಲ್ಲಿದ್ದ ಸಂತೇಮರಹಳ್ಳಿ ಅನ್ನೋ ಕ್ಷೇತ್ರ 2008ರ ಮರುವಿಂಗಡಣೆಯಲ್ಲಿ ಇಲ್ಲವಾಯ್ತು. ಆದರೆ ಅದರ ಹೆಸರು ದೇಶಕ್ಕೇ ಗೊತ್ತು. 2004ರಲ್ಲಿ ಅಲ್ಲಿ ಕಾಂಗ್ರೆಸ್‌ನ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751 ಮತ. ಅಂತರ ಒಂದೇ ಒಂದು! ಕೃಷ್ಣಮೂರ್ತಿ ಅವರ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ಆನೆ ಬಂದ ದಾರಿ

ಬಹುಜನ ಸಮಾಜ ಪಕ್ಷ, ಅಂದರೆ ಬಿಎಸ್‌ಪಿಯನ್ನು ಕಾನ್ಶಿರಾಮ್ ಅವರು ಕಟ್ಟಿದ್ದು 1984ರ ಏಪ್ರಿಲ್ 14ರಂದು, ಅಂಬೇಡ್ಕರ್ ಜಯಂತಿಯ ದಿನ. ಆದರೆ ಅವರು ನೇರವಾಗಿ ಪಕ್ಷದಿಂದ ಶುರು ಮಾಡಲಿಲ್ಲ. ಮೊದಲು 1978ರಲ್ಲಿ ಬಾಮ್‌ಸೆಫ್ ಅನ್ನೋ ಸರ್ಕಾರಿ ನೌಕರರ ಸಂಘಟನೆ, ಆಮೇಲೆ 1981ರಲ್ಲಿ ಡಿಎಸ್‌-ಫೋರ್ ಅನ್ನೋ ಹೋರಾಟದ ವೇದಿಕೆ, ಕೊನೆಗೆ ಪಕ್ಷ. ಅವರ ಯೋಚನೆ ಸರಳ: ಓದಿ ನೌಕರಿ ಹಿಡಿದವರು ತಾವು ಬಂದ ಸಮಾಜಕ್ಕೆ ಹಣ, ಬುದ್ಧಿ, ಸಮಯ ವಾಪಸ್ ಕೊಡಬೇಕು. ತಳಪಾಯ ಗಟ್ಟಿ ಆದ ಮೇಲೆ ಗೋಡೆ.

ಕರ್ನಾಟಕದಲ್ಲಿ 1970ರ ದಶಕದಲ್ಲೇ ದಲಿತ ಸಂಘರ್ಷ ಸಮಿತಿ ಹಳ್ಳಿ ಹಳ್ಳಿಗೂ ಹೋರಾಟದ ಮಾತು ತಲುಪಿಸಿತ್ತು. ನೆಲ ಹದವಾಗಿತ್ತು. ಆದರೂ ಬಿಎಸ್‌ಪಿಗೆ ಇಲ್ಲಿ ಗೆಲುವು ಸುಲಭವಾಗಿ ಸಿಗಲಿಲ್ಲ. 1994ರಲ್ಲಿ ಬೀದರ್‌ನಲ್ಲಿ ಒಂದು ಸೀಟು ಬಂತು. ಆಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ವಿಧಾನಸಭೆಯಲ್ಲಿ ಆನೆ ಕಾಣಿಸಲಿಲ್ಲ.

ಆ ವರ್ಷಗಳಲ್ಲಿ ಕೊಳ್ಳೇಗಾಲದ ಕಡೆ ಕೆಲಸ ಮಾಡುತ್ತಿದ್ದವರು ಎನ್. ಮಹೇಶ್. ಕೆಎಎಸ್ ಅಧಿಕಾರಿಯಾಗಿದ್ದವರು ನೌಕರಿ ಬಿಟ್ಟು ಪಕ್ಷಕ್ಕೆ ಬಂದರು. ಕಾನ್ಶಿರಾಮ್ ಹೇಳಿದ್ದ ಮಾದರಿಯೇ ಇದು. 2013ರಲ್ಲಿ ಕಾಂಗ್ರೆಸ್‌ನ ಎಸ್. ಜಯಣ್ಣ ಗೆದ್ದಾಗ ಮಹೇಶ್ ಸುಮಾರು 37 ಸಾವಿರ ಮತ ತಗೊಂಡು ಎರಡನೇ ಸ್ಥಾನದಲ್ಲಿದ್ದರು. ಸೋತರೂ ಅದೇ ಕ್ಷೇತ್ರ, ಅದೇ ಗುರುತು ಬಿಡಲಿಲ್ಲ.

2018: ಗೆಲುವಿನ ಲೆಕ್ಕ

2018ಕ್ಕೆ ಬಿಎಸ್‌ಪಿ ಮತ್ತು ಜೆಡಿಎಸ್ ಚುನಾವಣೆಗೆ ಮೊದಲೇ ಮೈತ್ರಿ ಮಾಡಿಕೊಂಡವು. ಫಲಿತಾಂಶ: ಮಹೇಶ್ ಅವರಿಗೆ ಸುಮಾರು 71,800 ಮತ. ಎರಡನೇ ಸ್ಥಾನದಲ್ಲಿ ಕಾಂಗ್ರೆಸ್‌ನ ಎ.ಆರ್. ಕೃಷ್ಣಮೂರ್ತಿ, ಅದೇ ಒಂದು ಮತದಿಂದ ಸೋತವರು, ಸುಮಾರು 52,300. ಮೂರನೆಯದು ಬಿಜೆಪಿ, ಹತ್ತಿರ ಹತ್ತಿರ 40 ಸಾವಿರ.

ಇಲ್ಲಿ ಎರಡು ವಿಷಯ ಗಮನಿಸಬೇಕು. ಒಂದು, ಈ ಮೂವರ ಮತ ಕೂಡಿಸಿದರೆ ಸುಮಾರು 1 ಲಕ್ಷ 64 ಸಾವಿರ. ಗೆದ್ದವರ ಪಾಲು ಅದರಲ್ಲಿ ಅರ್ಧಕ್ಕಿಂತ ಕಡಿಮೆ. ನಮ್ಮ ಪದ್ಧತಿಯಲ್ಲಿ ಅರ್ಧ ದಾಟಬೇಕಿಲ್ಲ, ಉಳಿದವರಿಗಿಂತ ಮುಂದಿದ್ದರೆ ಸಾಕು. ಎರಡು, ಇಡೀ ರಾಜ್ಯದಲ್ಲಿ ಬಿಎಸ್‌ಪಿಗೆ ಬಿದ್ದದ್ದು ಶೇಕಡಾ 0.3ರಷ್ಟು ಮತ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕೊಳ್ಳೇಗಾಲ ಒಂದರಿಂದಲೇ ಬಂದಿತ್ತು. ಅಂದರೆ ಹೊರಗಿನಿಂದ ನೋಡಿದರೆ ರಾಜ್ಯದ ಪಕ್ಷ, ಒಳಗೆ ನೋಡಿದರೆ ಒಂದು ಕ್ಷೇತ್ರ, ಒಬ್ಬ ನಾಯಕ. ಕಂಪ್ಯೂಟರ್ ಸೈನ್ಸ್‌ನವರು ಇದನ್ನ ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್ ಅಂತಾರೆ. ಬ್ಯಾಕಪ್ ಇಲ್ಲದ ಸರ್ವರ್.

ಹದಿನಾಲ್ಕು ತಿಂಗಳು

ಯಾರಿಗೂ ಬಹುಮತ ಬರದ ಸದನದಲ್ಲಿ ಒಂದು ಸೀಟಿಗೂ ಬೆಲೆ ಬಂತು. 2018ರ ಜೂನ್‌ನಲ್ಲಿ ಮಹೇಶ್, ಎಚ್.ಡಿ. ಕುಮಾರಸ್ವಾಮಿ ಸರ್ಕಾರದಲ್ಲಿ ಪ್ರಾಥಮಿಕ ಮತ್ತು ಪ್ರೌಢಶಿಕ್ಷಣ ಸಚಿವರಾದರು. ಅಕ್ಟೋಬರ್‌ನಲ್ಲೇ ರಾಜೀನಾಮೆ ಕೊಟ್ಟರು. 2019ರ ಜುಲೈ 23ರಂದು ವಿಶ್ವಾಸಮತ. ಸರ್ಕಾರಕ್ಕೆ 99, ವಿರುದ್ಧ 105. ಸರ್ಕಾರದ ಪರ ಮತ ಹಾಕಿ ಅಂತ ಮಾಯಾವತಿ ಅವರು ಬಹಿರಂಗವಾಗಿ ಹೇಳಿದ್ದರೂ ಮಹೇಶ್ ಸದನಕ್ಕೆ ಬಂದಿರಲಿಲ್ಲ. ತಟಸ್ಥವಾಗಿರಿ ಅಂತ ತಮಗೆ ಸೂಚನೆ ಇತ್ತು ಅನ್ನೋದು ಅವರ ವಿವರಣೆ. ಪಕ್ಷ ಅದನ್ನ ಒಪ್ಪಲಿಲ್ಲ, ಉಚ್ಚಾಟನೆ ಮಾಡಿತು. ಗೆದ್ದು ಹದಿನಾಲ್ಕು ತಿಂಗಳಿಗೆ ಪಕ್ಷಕ್ಕೆ ಶಾಸಕ ಇಲ್ಲ, ಶಾಸಕರಿಗೆ ಪಕ್ಷ ಇಲ್ಲ. 2021ರ ಆಗಸ್ಟ್‌ನಲ್ಲಿ ಮಹೇಶ್ ಬಿಜೆಪಿ ಸೇರಿದರು.

ಕೂಡಿಸಿದರೆ ಸರಿಹೋಗದ ಲೆಕ್ಕ

ಫಸ್ಟ್ ಇಯರ್‌ನಲ್ಲಿ ಸೂಪರ್‌ಪೊಸಿಷನ್ ಥಿಯರಂ ಓದಿದ್ವಲ್ಲ? ಒಂದೊಂದು ಸೋರ್ಸ್‌ನ ಪರಿಣಾಮ ಬೇರೆ ಬೇರೆ ಕಂಡುಹಿಡಿದು ಕೊನೆಗೆ ಕೂಡಿಸೋದು. ಅದನ್ನ ಇಲ್ಲಿ ಹಾಕಿ ನೋಡೋಣ. 2018ರಲ್ಲಿ ಮಹೇಶ್ 71,800, ಬಿಜೆಪಿ 40 ಸಾವಿರ. ಇಬ್ಬರೂ ಒಂದಾದರೆ 2023ರಲ್ಲಿ 1 ಲಕ್ಷ 11 ಸಾವಿರದ ಹತ್ತಿರ ಬರಬೇಕು. ಬಂದದ್ದು 49 ಸಾವಿರದ ಆಸುಪಾಸು. ಕಾಂಗ್ರೆಸ್‌ನ ಕೃಷ್ಣಮೂರ್ತಿ 1 ಲಕ್ಷ 8 ಸಾವಿರ ದಾಟಿ, ಸುಮಾರು 59,500 ಮತಗಳ ಅಂತರದಲ್ಲಿ ಗೆದ್ದರು. ಒಂದು ಮತದಲ್ಲಿ ಸೋತವರು ಹತ್ತೊಂಬತ್ತು ವರ್ಷದ ನಂತರ ಹೀಗೆ ಗೆದ್ದರು. ಆನೆ ಗುರುತು ಮೊದಲ ಎರಡು ಸ್ಥಾನದಲ್ಲಿ ಇರಲೇ ಇಲ್ಲ.

ಸೂಪರ್‌ಪೊಸಿಷನ್ ನಡೆಯೋದು ಲೀನಿಯರ್ ಸರ್ಕ್ಯೂಟಿನಲ್ಲಿ ಮಾತ್ರ. ಮತದಾರರು ಲೀನಿಯರ್ ಅಲ್ಲ. 2018ರ ಆ ಮತಗಳು ಪೂರ್ತಿ ನಾಯಕನವಾಗಿದ್ದರೆ ಅವರ ಹಿಂದೆ ಹೋಗಬೇಕಿತ್ತು, ಹೋಗಲಿಲ್ಲ. ಪೂರ್ತಿ ಗುರುತಿನವಾಗಿದ್ದರೆ ಆನೆಯ ಹತ್ತಿರವೇ ಉಳಿಯಬೇಕಿತ್ತು, ಉಳಿಯಲಿಲ್ಲ. ಎರಡೂ ಜೊತೆಗಿದ್ದಾಗ ಮಾತ್ರ ನಿಂತಿದ್ದ ನಂಬಿಕೆ ಅದು.

2023ರಲ್ಲಿ ರಾಜ್ಯದ ಗಾಳಿಯೇ ಕಾಂಗ್ರೆಸ್ ಕಡೆ ಇತ್ತು, 135 ಸೀಟು ಬಂತು, ಹಾಗಾಗಿ ಎಲ್ಲವನ್ನೂ ಪಕ್ಷಾಂತರದ ತಲೆಗೆ ಕಟ್ಟೋದು ನ್ಯಾಯ ಅಲ್ಲ. ಕೃಷ್ಣಮೂರ್ತಿ ಅವರೂ ಪಕ್ಷ ಬದಲಿಸಿ ಕಾಂಗ್ರೆಸ್‌ಗೆ ಬಂದವರೇ. ಹಾಗಾದರೆ ಜನ ಒಬ್ಬರನ್ನು ಒಪ್ಪಿ ಇನ್ನೊಬ್ಬರನ್ನು ಯಾಕೆ ಬಿಟ್ಟರು? ನಮ್ಮ ಓದು ಹೀಗಿದೆ: ಒಂದು ವಿಚಾರವನ್ನೇ ಮುಂದಿಟ್ಟು ವರ್ಷಗಟ್ಟಲೆ ಮತ ಕೇಳಿದವರು ದಾರಿ ಬದಲಿಸಿದಾಗ ಜನ ಕಾರಣ ಕೇಳ್ತಾರೆ. ಆ ಕಾರಣ ಎಲ್ಲರಿಗೂ ಒಪ್ಪಿಗೆ ಆಗಲ್ಲ.

ಪಕ್ಕದ ಹನೂರಿನಲ್ಲಿ

ಹನೂರಿನ ಕಥೆ ಪಕ್ಕಕ್ಕಿಟ್ಟು ನೋಡಿದರೆ ಪಾಠ ಇನ್ನೂ ಸ್ಪಷ್ಟ. ಅಲ್ಲಿ ಹೆಚ್ಚು ಕೇಳಿಬರೋದು ಮನೆತನದ ಹೆಸರು. ಮಾಜಿ ಸಚಿವ ಎಚ್. ನಾಗಪ್ಪ ಅವರನ್ನು ವೀರಪ್ಪನ್ 2002ರ ಆಗಸ್ಟ್‌ನಲ್ಲಿ ಕಾಮಗೆರೆಯಿಂದ ಅಪಹರಿಸಿದ. ಡಿಸೆಂಬರ್‌ನಲ್ಲಿ ಅವರ ಶವ ಸಿಕ್ಕಿತು. 2004ರಲ್ಲಿ ಅವರ ಪತ್ನಿ ಪರಿಮಳಾ ನಾಗಪ್ಪ ಜೆಡಿಎಸ್‌ನಿಂದ ಗೆದ್ದರು. 2018ರಲ್ಲಿ ಮಗ ಪ್ರೀತನ್ ನಾಗಪ್ಪ ಬಿಜೆಪಿಯಿಂದ ನಿಂತು ಎರಡನೇ ಸ್ಥಾನಕ್ಕೆ ಬಂದರು. ಆ ಸಲ ಗೆದ್ದದ್ದು ಕಾಂಗ್ರೆಸ್‌ನ ಆರ್. ನರೇಂದ್ರ. ಮೂರನೆಯವರು ಜೆಡಿಎಸ್‌ನ ಎಂ.ಆರ್. ಮಂಜುನಾಥ್.

ಐದು ವರ್ಷದ ಮೇಲೆ ರಾಜ್ಯದಲ್ಲಿ ಜೆಡಿಎಸ್ 37ರಿಂದ 19ಕ್ಕೆ ಇಳಿಯಿತು. ಅದೇ ವರ್ಷ ಹನೂರಿನಲ್ಲಿ ಮೂರನೇ ಸ್ಥಾನದಲ್ಲಿದ್ದ ಮಂಜುನಾಥ್ ಅದೇ ಗುರುತಿನಲ್ಲಿ ನಿಂತು 17 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ರಾಜ್ಯದಲ್ಲಿ ಪಕ್ಷ ಕುಸಿಯುವಾಗ ಒಂದು ತಾಲ್ಲೂಕಿನಲ್ಲಿ ಏಳಬಹುದು. ಅಂದರೆ ಪಕ್ಷದ ಏಳುಬೀಳು ಟಿವಿಯಲ್ಲಿ ಕಾಣೋ ಒಂದೇ ಗ್ರಾಫ್ ಅಲ್ಲ, ಊರೂರಿಗೂ ಬೇರೆ ಗ್ರಾಫ್.

ಹಾಗಾದರೆ ಕಂಬ ಯಾವುದು?

ನಮಗೆ ಅನಿಸಿದ್ದು ಇಷ್ಟು. ನಾಯಕ ಬೇಕು, ಗುರುತು ಬೇಕು, ಆದರೆ ಭಾರ ಹೊರೋದು ಇವೆರಡರ ಮಧ್ಯೆ ಇರೋ ಜನ: ಸಭೆಗೆ ಕುರ್ಚಿ ಹಾಕೋರು, ಬೂತ್‌ನಲ್ಲಿ ಕೂರೋರು, ಸೋತ ಮರುದಿನವೂ ಬಾಗಿಲು ತಟ್ಟೋರು. ನಾಯಕ ಮತ್ತು ಹೈಕಮಾಂಡ್ ಜಗಳವಾಡಿದಾಗ ಅವರನ್ನು ಯಾರಾದರೂ ಕೇಳಿದರೆ ಪಕ್ಷ ಉಳಿಯುತ್ತೆ. ಕೇಳೋ ವ್ಯವಸ್ಥೆ ಇಲ್ಲದಿದ್ದರೆ, ಹತ್ತಾರು ವರ್ಷದ ದುಡಿಮೆ ಒಂದು ದಿನದ ಉಚ್ಚಾಟನೆ ಆದೇಶಕ್ಕೆ ಕರಗುತ್ತೆ.

2028ರ ವಿಧಾನಸಭಾ ಚುನಾವಣೆ ನಮ್ಮಲ್ಲಿ ಬಹಳ ಜನಕ್ಕೆ ಮೊದಲನೆಯದು. ಅಷ್ಟರೊಳಗೆ ನಿಮ್ಮ ಊರಿನ ಕ್ಷೇತ್ರಕ್ಕೆ ಈ ಮೂರು ಪ್ರಶ್ನೆ ಹಾಕಿ ನೋಡಿ. ಕಳೆದ ಮೂರು ಚುನಾವಣೆಯಲ್ಲಿ ಮೊದಲ ಮೂವರು ಯಾರು, ಯಾವ ಪಕ್ಷದಿಂದ? ಅವರಲ್ಲಿ ಪಕ್ಷ ಬದಲಿಸಿದವರ ಮತ ಏರಿತೋ ಇಳಿಯಿತೋ? ಗೆದ್ದವರನ್ನು ಕಳೆದುಕೊಂಡರೂ ಆ ಪಕ್ಷಕ್ಕೆ ನಿಮ್ಮ ಊರಲ್ಲಿ ಒಂದು ಕಚೇರಿ, ನಾಲ್ಕು ಜನ ಇರ್ತಾರಾ? ಅಂಕಿ ಅಂಶ ಚುನಾವಣಾ ಆಯೋಗದ ಜಾಲತಾಣದಲ್ಲೇ ಸಿಗುತ್ತೆ, ಒಂದು ಸಂಜೆ ಸಾಕು. ಸಿಕ್ಕಿದ ಉತ್ತರವನ್ನ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ನಿಮ್ಮ ಊರಿನ ಪಾಠ ಓದೋಣ.