ವೆಬ್‌ಸೈಟ್ ನಿಮ್ಮದು, ಡೊಮೇನ್ ಯಾರ ಹೆಸರಲ್ಲಿದೆ?

ಮಾನ್ವಿ, ದೇವದುರ್ಗದ ಕಡೆ ಅಂಗಡಿಯವರನ್ನು ವೆಬ್‌ಸೈಟ್ ಬಗ್ಗೆ ಕೇಳಿ ನೋಡಿ. ‘ಇತ್ರೀ ಸರ, ಈಗ ಓಪನ್ ಆಗವಲ್ದು’ ಅನ್ನುವವರು ಸಿಕ್ಕೇ ಸಿಗುತ್ತಾರೆ. ಕೆಲವರದು ಬಿಸಿನೆಸ್ ಪ್ರೊಫೈಲ್ ಜೊತೆ ಗೂಗಲ್ ಪುಕ್ಕಟೆ ಕೊಡುತ್ತಿದ್ದ ಪುಟ. 2024ರ ಮಾರ್ಚ್‌ನಲ್ಲಿ ಆ ಸೌಲಭ್ಯವೇ ನಿಂತಿತು. ಇನ್ನು ಕೆಲವರದು, ಡೊಮೇನ್ (ವೆಬ್‌ಸೈಟಿನ ವಿಳಾಸ) ಇದ್ದದ್ದು ವೆಬ್‌ಸೈಟ್ ಮಾಡಿಕೊಟ್ಟ ಹುಡುಗನ ಖಾತೆಯಲ್ಲಿ, ಹುಡುಗ ಈಗ ಫೋನ್ ಎತ್ತುವುದಿಲ್ಲ.

ಚೀಕಲಪರ್ವಿಯಲ್ಲಿ ಮನೆಯಲ್ಲೇ ಕಟಕ ರೊಟ್ಟಿ, ಶೇಂಗಾ ಹಿಂಡಿ ಮಾಡಿ ಮಾರುವ ಕುಟುಂಬವೊಂದಿದೆ ಎಂದಿಟ್ಟುಕೊಳ್ಳಿ. ವಿಜಯದಾಸರು ಹುಟ್ಟಿದ ಊರು ಇದು. ಬರುವ ಭಕ್ತರು ದಾರಿಯನ್ನೂ ಊಟವನ್ನೂ ಫೋನಿನಲ್ಲೇ ಹುಡುಕುತ್ತಾರೆ. ಅವರಿಗೆ ಸಿಗಬೇಕಾದರೆ ಏನು ಮಾಡಬೇಕು?

ಮೊದಲು ವ್ಯಾಪಾರಕ್ಕೆಂದೇ ಒಂದು ಇಮೇಲ್ ತೆರೆಯಿರಿ, ನಿಮ್ಮ ಮೊಬೈಲ್ ನಂಬರಿನಿಂದಲೇ. ಮಗನದ್ದು, ಅಳಿಯನದ್ದು ಬೇಡ. ಅದೇ ಇಮೇಲಿನಿಂದ ಡೊಮೇನ್ ಕೊಳ್ಳಿ. ‘ಡಾಟ್ ಇನ್’ ಸಾಕು. ಊರಿನ ಹೆಸರು ಸೇರಿಸುವಾಗ ಹುಷಾರು. ಚೀಕಲಪರ್ವಿಯನ್ನು ಇಂಗ್ಲಿಷಿನಲ್ಲಿ ಒಬ್ಬರು ಎರಡು ‘ಇ’ ಹಾಕಿ ಬರೆದರೆ ಇನ್ನೊಬ್ಬರು ಒಂದೇ ‘ಐ’ ಹಾಕುತ್ತಾರೆ. ಹೇಳಿದರೆ ತಪ್ಪಿಲ್ಲದೆ ಟೈಪಿಸಬಹುದಾದ ಸಣ್ಣ ಹೆಸರೇ ಒಳ್ಳೆಯದು.

ಇಲ್ಲೇ ಜನ ಎಡವುವುದು, ಆದ್ದರಿಂದ ಬಿಡಿಸಿ ಹೇಳುತ್ತೇನೆ. ‘ಎಲ್ಲಾ ನಾನೇ ನೋಡ್ಕೋತೀನಿ, ನೀವು ದುಡ್ಡು ಹಾಕಿ’ ಎಂದರೆ ಒಪ್ಪಬೇಡಿ. ವೆಬ್‌ಸೈಟ್ ಅವರು ಮಾಡಲಿ, ಡೊಮೇನ್ ಮಾತ್ರ ನೀವೇ ಕೊಳ್ಳಿ. ನೋಂದಣಿದಾರರ ಜಾಗದಲ್ಲಿ ನಿಮ್ಮ ಹೆಸರು, ನಿಮ್ಮ ಇಮೇಲ್, ನಿಮ್ಮ ನಂಬರ್ ಇರಬೇಕು. ರಸೀದಿಯನ್ನು ಮುದ್ರಿಸಿ ಅಂಗಡಿಯ ಫೈಲಿಗೆ ಸೇರಿಸಿ. ಮೊದಲ ವರ್ಷದ ಅಗ್ಗದ ದರ ನೋಡಿ ಹಿಗ್ಗಬೇಡಿ, ನವೀಕರಣದ ದರ ಅದಕ್ಕಿಂತ ಹೆಚ್ಚಿರುತ್ತದೆ; ಅದನ್ನೂ ಆಗಲೇ ಕೇಳಿ. ಅವಧಿ ಮುಗಿದು ನವೀಕರಿಸದೇ ಬಿಟ್ಟರೆ ಕೊನೆಗೆ ಆ ಹೆಸರನ್ನು ಯಾರು ಬೇಕಾದರೂ ಕೊಳ್ಳಬಹುದು. ಈಗಾಗಲೇ ಬೇರೆಯವರ ಖಾತೆಯಲ್ಲಿದ್ದರೆ ಇವತ್ತೇ ವರ್ಗಾವಣೆ ಕೋಡ್ ಕೇಳಿ ತೆಗೆದುಕೊಳ್ಳಿ. ಸಂಬಂಧ ಚೆನ್ನಾಗಿರುವಾಗಲೇ ಕೇಳಬೇಕಾದ್ದು ಇದು.

ವೆಬ್‌ಸೈಟಿಗೆ ಒಂದೇ ಪುಟ ಸಾಕು. ಏನು ಮಾರುತ್ತೀರಿ, ದರ ಎಷ್ಟು, ಎಲ್ಲಿದ್ದೀರಿ, ಎಷ್ಟೊತ್ತಿಗೆ ತೆರೆದಿರುತ್ತೀರಿ, ಫೋನ್ ಯಾವುದು. ತಿನ್ನುವ ಪದಾರ್ಥವಾದರೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಆಹಾರ ನೋಂದಣಿ ಅಥವಾ ಪರವಾನಗಿ ನಂಬರ್ ಕಾಣುವಂತಿರಲಿ. ಫ್ಲೆಕ್ಸ್ ಅಂಗಡಿಯಲ್ಲಿ ಮಾಡಿಸಿದ ಚಿತ್ರವನ್ನೇ ತಂದು ಅಂಟಿಸುವವರಿದ್ದಾರೆ. ವಿವರವೆಲ್ಲ ಚಿತ್ರದೊಳಗೇ ಉಳಿದರೆ ಹುಡುಕುವವರಿಗೆ ನೀವು ಸಿಗುವುದು ಕಷ್ಟ. ಕನ್ನಡದಲ್ಲೇ ಟೈಪಿಸಿ, ಯೂನಿಕೋಡ್‌ನಲ್ಲಿ. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನದನ್ನು ಹಾಗೇ ಅಂಟಿಸಿದರೆ ಗಿರಾಕಿಯ ಫೋನಿನಲ್ಲಿ ತಲೆಬುಡವಿಲ್ಲದ ಅಕ್ಷರಗಳು ಕಾಣುತ್ತವೆ.

ಮುಂದೆ ಗೂಗಲ್ ಬಿಸಿನೆಸ್ ಪ್ರೊಫೈಲ್, ಅಂದರೆ ಗೂಗಲ್ ಹುಡುಕಾಟದಲ್ಲೂ ನಕಾಶೆಯಲ್ಲೂ ಕಾಣುವ ನಿಮ್ಮ ಅಂಗಡಿಯ ವಿವರ. ನನ್ನ ಕೇಳಿದರೆ, ಹಳ್ಳಿಯ ವ್ಯಾಪಾರಕ್ಕೆ ವೆಬ್‌ಸೈಟಿಗಿಂತ ಇದೇ ಹೆಚ್ಚು ಗಿರಾಕಿ ತರುತ್ತದೆ. ಇದು ಪುಕ್ಕಟೆ. ದೃಢೀಕರಣಕ್ಕೆ ವಿಡಿಯೊ ಕೇಳಿದರೆ ನಡುವೆ ನಿಲ್ಲಿಸದೆ ಚಿತ್ರೀಕರಿಸಿ: ಬೀದಿ, ಬೋರ್ಡು, ನೀವೇ ಬೀಗ ತೆಗೆದು ಶಟರ್ ಎತ್ತುವುದು, ಒಳಗಿನ ಸಾಮಾನು. ನಕಾಶೆಯಲ್ಲಿ ಪಿನ್ ನಿಮ್ಮ ಬಾಗಿಲಿಗೇ ಬಿದ್ದಿದೆಯೇ ನೋಡಿ.

ಪ್ರಚಾರಕ್ಕೆ ಪೊಟ್ಟಣದ ಮೇಲೆ ಕ್ಯುಆರ್ ಕೋಡ್, ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ಫೋಟೊ ಸಮೇತ ಕ್ಯಾಟಲಾಗ್, ಖುಷಿಯಾದ ಗಿರಾಕಿಯಿಂದ ಎರಡು ಸಾಲು ರಿವ್ಯೂ. ಜಾಹೀರಾತಿಗೆ ದುಡ್ಡು ಸುರಿಯುವುದು ಆಮೇಲಿನ ಮಾತು. ‘ಗೂಗಲ್‌ನಿಂದ ಮಾತಾಡ್ತಿದ್ದೇವೆ, ಹುಡುಕಿದಾಗ ನಿಮ್ಮನ್ನೇ ಮೇಲೆ ತೋರಿಸ್ತೇವೆ’ ಎಂದು ದುಡ್ಡು ಕೇಳುವ ಕರೆ ಬಂದರೆ ಕತ್ತರಿಸಿ. ನಕಾಶೆಯ ಹುಡುಕಾಟದಲ್ಲಿ ಅಂಗಡಿಯನ್ನು ಮೇಲೇರಿಸಲು ಗೂಗಲ್ ಹಣ ತೆಗೆದುಕೊಳ್ಳುವುದಿಲ್ಲ. ಸಣ್ಣ ಉದ್ದಿಮೆಗಳ ‘ಉದ್ಯಮ್’ ನೋಂದಣಿಗೂ ಸರ್ಕಾರಿ ಪೋರ್ಟಲಿನಲ್ಲಿ ಶುಲ್ಕವಿಲ್ಲ. ಮೋಸ ಹೋಗಿ ಹಣ ಕಳೆದುಕೊಂಡರೆ ತಡ ಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.