ಹೊಲದೊಳಗಿನ ಬಂಡೆಗೆ ದಾರಿ ಯಾರು ಕೊಡಬೇಕು?

"ಇವತ್ತ ಹೋಗ್ಲಿ ಅಂತ ಬಿಟ್ರ, ನಾಳೆ ಇದು ನಮ್ಮ ದಾರಿ ಅಂತ ಕೋರ್ಟಿಗೆ ಹೋಗ್ತಾರ." ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆ ಬದುವಿನ ಮೇಲೆ ಮುಳ್ಳುಬೇಲಿ ಏಳುವುದಕ್ಕೆ ಎಷ್ಟೋ ಸಲ ಈ ಅಂಜಿಕೆಯೇ ಕಾರಣ. ದಾರಿ ಕೇಳುವವರು ಪಕ್ಕದ ಹೊಲದವರಿರಬಹುದು, ಗುಡ್ಡದ ದೇವರಿಗೆ ಕಾಯಿ ಒಡೆಸಲು ಹೊರಟ ಊರವರಿರಬಹುದು, ಹಗ್ಗ ಹೆಲ್ಮೆಟ್ಟು ಹಿಡಿದು ಬಂಡೆ ಹತ್ತಲು ಬಂದ ಹುಬ್ಬಳ್ಳಿಯ ಹುಡುಗರಿರಬಹುದು. ಕಾನೂನು ಈ ಮೂವರಿಗೂ ಬೇರೆ ಬೇರೆ ಉತ್ತರ ಕೊಡುತ್ತದೆ. ಅದು ಗೊತ್ತಿದ್ದರೆ ಬೇಲಿ ಹಾಕುವ ಪ್ರಸಂಗವೇ ಅರ್ಧಕ್ಕರ್ಧ ತಪ್ಪೀತು.

ಬಂಡೆ ಹತ್ತುವವರಿಗೆ ಬಾದಾಮಿಯ ಕೆಂಪು ಮರಳುಗಲ್ಲು, ಹಂಪಿಯ ಗುಂಡುಗಲ್ಲು, ರಾಮನಗರದ ಬೆಟ್ಟಗಳು ಚೆನ್ನಾಗಿ ಗೊತ್ತು. ಅಲ್ಲೆಲ್ಲ ಅರಣ್ಯ ಇಲಾಖೆಯನ್ನೋ ಪುರಾತತ್ವ ಇಲಾಖೆಯನ್ನೋ ಕೇಳಬೇಕಾಗುತ್ತದೆ. ನಮ್ಮ ನಾಲ್ಕು ತಾಲೂಕುಗಳಲ್ಲಿ ಅಷ್ಟು ಹೆಸರಾದ ಬಂಡೆ ಇಲ್ಲ. (ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ ಹೆಸರಿನಲ್ಲಷ್ಟೇ ರಾಕ್ ಇದೆ, ಅಲ್ಲಿ ನೋಡಬೇಕಾದ್ದು ಶಿಲ್ಪ.) ಇಲ್ಲಿನ ಕಲ್ಲುಗುಡ್ಡ ಯಾರದೋ ಸರ್ವೆ ನಂಬರಿನ ಮೂಲೆಯಲ್ಲಿದ್ದರೆ ಕೇಳಬೇಕಾದ್ದು ಆ ರೈತನನ್ನೇ.

ಅದಕ್ಕೆ ಮೊದಲು ಉತಾರ ತೆಗೆಸಿ ನೋಡಿ. ವಿಸ್ತೀರ್ಣದ ಕಾಲಮಿನಲ್ಲಿ ಖರಾಬು 'ಅ' ಮತ್ತು 'ಬ' ಎಂದು ಎರಡು ಸಾಲು ಇರುತ್ತವೆ. ಕರ್ನಾಟಕ ಭೂಕಂದಾಯ ನಿಯಮಗಳು, 1966ರ 21ನೇ ನಿಯಮದ ಪ್ರಕಾರ ಸಾಗುವಳಿಗೆ ಬಾರದ ಕಲ್ಲುನೆಲ, ಕಣ, ಹೊಲದ ಮನೆ 'ಅ' ಖರಾಬಿಗೆ ಸೇರುತ್ತವೆ. ಅದು ಹೊಲದ ಜೊತೆಗೇ ಇರುವ ನೆಲ. ರಸ್ತೆ, ರೂಢಿಯ ಕಾಲುದಾರಿ, ಊರವರು ಬಳಸುವ ಕೆರೆ ಹಳ್ಳ, ಸುಡುಗಾಡು 'ಬ' ಖರಾಬು. ಅದನ್ನು ಮುಚ್ಚುವ ಅಧಿಕಾರ ಹೊಲದ ಮಾಲೀಕನಿಗಿಲ್ಲ. ಗ್ರಾಮ ನಕಾಶೆಯನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಜೋಡಿ ಚುಕ್ಕೆಗೆರೆ ಬಂಡಿದಾರಿ, ಒಂಟಿ ಚುಕ್ಕೆಗೆರೆ ಕಾಲುದಾರಿ. ನಕಾಶೆಯಲ್ಲಿರುವ ದಾರಿಯನ್ನು ಯಾರಾದರೂ ಉತ್ತು ಹೊಲಕ್ಕೆ ಸೇರಿಸಿಕೊಂಡಿದ್ದರೆ ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಅಳತೆ ಮಾಡಿಸಿ ತೆರವು ಕೇಳಬಹುದು.

ನಕಾಶೆಯಲ್ಲಿ ಇಲ್ಲದ ದಾರಿಯದೇ ತಂಟೆ. ಅಲ್ಲಿ ನಡೆಯುವುದು 1882ರ ಭಾರತೀಯ ಅನುಭೋಗ ಹಕ್ಕುಗಳ ಕಾಯ್ದೆ. ಮುಂಬಯಿ ಪ್ರಾಂತ್ಯಕ್ಕೆ ಇದು 1891ರಲ್ಲೇ ಬಂತು, ಹಾಗಾಗಿ ಹಳೆಯ ಧಾರವಾಡ ಜಿಲ್ಲೆಯ ಈ ಭಾಗದ ಬಹುಪಾಲು ಊರುಗಳಲ್ಲಿ ಇದು ಮುತ್ತಜ್ಜನ ಕಾಲದ ಕಾನೂನು. 20 ವರ್ಷ ಯಾರ ಅಡ್ಡಿಯೂ ಇಲ್ಲದೆ, ಬಹಿರಂಗವಾಗಿ, ತನ್ನ ಹಕ್ಕೆಂದೇ ಬಳಸಿದ ದಾರಿ ಹಕ್ಕಾಗುತ್ತದೆ ಎನ್ನುತ್ತದೆ ಅದರ 15ನೇ ಕಲಂ. ಸರ್ಕಾರಿ ನೆಲವಾದರೆ 30 ವರ್ಷ. ಅಣ್ಣತಮ್ಮಂದಿರ ವಾಟ್ನಿಯಲ್ಲಿ ಹಿಂದಿನ ತುಂಡಿಗೆ ಬೇರೆ ದಾರಿಯೇ ಉಳಿಯದಿದ್ದರೆ 13ನೇ ಕಲಂ ನೆರವಿಗೆ ಬರುತ್ತದೆ.

ಇಲ್ಲಿ ಎಲ್ಲರೂ ಮರೆಯುವ ಒಂದು ಮಾತಿದೆ. ಅನುಭೋಗದ ಹಕ್ಕು ಮನುಷ್ಯನಿಗಿಂತ ಅವನ ನೆಲಕ್ಕೆ ಅಂಟಿದ್ದು. ಪಕ್ಕದ ಹೊಲದವನಿಗೆ ಅದು ಸಿಕ್ಕೀತು, ಹುಬ್ಬಳ್ಳಿಯಿಂದ ಬಂದು ಬಂಡೆ ಹತ್ತುವವನಿಗೆ ಎಷ್ಟು ವರ್ಷ ಕಳೆದರೂ ಸಿಗದು. ಆ ದಾರಿಯಿಂದ ಪ್ರಯೋಜನ ಪಡೆಯುವ ನೆಲ ಅವನಿಗಿಲ್ಲ. ಜಾತ್ರೆಗೆ ಗುಡ್ಡ ಹತ್ತುವ ಊರವರ ರೂಢಿಯ ಹಕ್ಕನ್ನು ಕಾಯ್ದೆಯ 2ನೇ ಕಲಂ ಕೈಬಿಟ್ಟಿಲ್ಲ, ಆದರೆ ರೂಢಿ ಹಳೆಯದೆಂದು ಸಾಬೀತು ಮಾಡಬೇಕು. ಇಂಗ್ಲೆಂಡಿನಲ್ಲಿ 2000ದ ಕಾಯ್ದೆ, ಸ್ಕಾಟ್ಲೆಂಡಿನಲ್ಲಿ 2003ರ ಕಾಯ್ದೆ ಗುಡ್ಡಗಾಡಿನಲ್ಲಿ ಓಡಾಡುವ ಹಕ್ಕನ್ನು ಜನರಿಗೇ ಕೊಟ್ಟಿವೆ. ನಮ್ಮಲ್ಲಿ ಅಂಥದ್ದಿಲ್ಲ. ಬಂಡೆ ಹತ್ತುವವನಿಗೆ ಉಳಿದದ್ದು ಮಾಲೀಕನ ಅನುಮತಿ ಒಂದೇ.

ರೈತನ ಅಂಜಿಕೆಗೆ ಮದ್ದು ಇರುವುದೂ ಅಲ್ಲೇ. ಅನುಮತಿ ಪಡೆದು ನಡೆದ ದಾರಿ ನೂರು ವರ್ಷವಾದರೂ ಹಕ್ಕಾಗುವುದಿಲ್ಲ. ಪಕ್ಕದ ಹೊಲದವನಿಗೂ ಇದೇ ಮಾತು. ಸುಮ್ಮನೆ ಕಂಡೂ ಕಾಣದಂತೆ ಬಿಟ್ಟವನಿಗಿಂತ ಚೀಟಿ ಬರೆದುಕೊಟ್ಟವನ ನೆಲ ಹೆಚ್ಚು ಭದ್ರ. ಬಾಯಿಮಾತಿನ ಅನುಮತಿಯೂ ನಡೆಯುತ್ತದೆ, ಪುರಾವೆಗೆ ಬರಹ ಬೇಕು. ಇಷ್ಟು ಬರೆದರೆ ಸಾಕು: "ನನ್ನ ಸರ್ವೆ ನಂಬರಿನ ಉತ್ತರ ಬದುವಿನ ಗುಂಟ ನಡೆದು ಬಂಡೆ ಹತ್ತಲು ಇಂಥ ತಂಡದವರಿಗೆ ಮುಂದಿನ ಯುಗಾದಿವರೆಗೆ ಅನುಮತಿ ಕೊಟ್ಟಿದ್ದೇನೆ. ಇದರಿಂದ ದಾರಿಯ ಹಕ್ಕು ಹುಟ್ಟುವುದಿಲ್ಲ. ಬೇಡವೆಂದಾಗ ನಿಲ್ಲಿಸತಕ್ಕದ್ದು. ಗೋವಿನಜೋಳ ನಿಂತಿರುವಾಗ ಹೊಲದೊಳಗೆ ಇಳಿಯುವಂತಿಲ್ಲ." ಎರಡೂ ಕಡೆಯವರ ಸಹಿ, ಇಬ್ಬರು ಸಾಕ್ಷಿದಾರರು, ತಾರೀಖು. ಉತಾರದಲ್ಲಿ ನಾಲ್ವರ ಹೆಸರಿದ್ದರೆ ನಾಲ್ವರೂ ಸಹಿ ಮಾಡಲಿ. ಹೊಲ ಲಾವಣಿಗೋ ಪಾಲಿಗೋ ಹೋಗಿದ್ದರೆ ಬೆಳೆಯ ಯಜಮಾನನನ್ನೂ ಕೇಳಬೇಕು. ಅವನೊಬ್ಬನ ಮಾತು ಸಾಲದು.

ಹಗ್ಗ ಕಟ್ಟಲು ಬಂಡೆಗೆ ಬೋಲ್ಟ್ ಜಡಿಯುವವರು ಚೀಟಿಯಲ್ಲಿ ಇನ್ನೊಂದು ಸಾಲು ಸೇರಿಸಿಕೊಳ್ಳಬೇಕು. ಅನುಮತಿಯನ್ನು ನಂಬಿ ಖರ್ಚು ಮಾಡಿ ಶಾಶ್ವತ ಕೆಲಸ ಮಾಡಿದ್ದರೆ ಅದೇ ಅನುಭೋಗ ಕಾಯ್ದೆಯ 60ನೇ ಕಲಂ ಪ್ರಕಾರ ಮಾಲೀಕ ಆ ಅನುಮತಿಯನ್ನು ವಾಪಸು ಪಡೆಯುವಂತಿಲ್ಲ. ಕಲ್ಲಿನಲ್ಲಿ ಕೂತ ಉಕ್ಕಿನ ಬೋಲ್ಟು ಶಾಶ್ವತ ಕೆಲಸವೋ ಅಲ್ಲವೋ ಎಂದು ವಕೀಲರು ವಾದಿಸಿಕೊಂಡು ಕೂರುವ ಮೊದಲೇ, ಬೋಲ್ಟಿನಿಂದ ಯಾವ ಹಕ್ಕೂ ಬರುವುದಿಲ್ಲ ಎಂದು ಬರೆದುಬಿಡಿ. ಹೊಲ ಮಾರಾಟವಾದರೆ ಹಳೆಯ ಚೀಟಿ ಹೊಸ ಮಾಲೀಕನನ್ನು ಕಟ್ಟುವುದಿಲ್ಲ. ಅದು 59ನೇ ಕಲಂ. ಅವನ ಮನೆಗೆ ಮತ್ತೆ ಹೋಗಬೇಕು.

"ಬಿದ್ದು ಸತ್ರ ಕೇಸು ನನ್ನ ಮ್ಯಾಲ" ಎಂಬುದು ಎರಡನೆಯ ಅಂಜಿಕೆ. ಅದು ಪೂರ್ತಿ ಸುಳ್ಳೂ ಅಲ್ಲ. ನೆಲದಲ್ಲಿ ತನಗೆ ಗೊತ್ತಿರುವ, ಬಂದವನಿಗೆ ಗೊತ್ತಿರದ ಅಪಾಯವನ್ನು ಹೇಳಬೇಕೆಂದು 57ನೇ ಕಲಂ ವಿಧಿಸುತ್ತದೆ. ಹಂದಿ ಕಾಟಕ್ಕೆ ಎಳೆದ ಕರೆಂಟ್ ತಂತಿ, ಕಂಟಿ ಮುಚ್ಚಿದ ಹಾಳುಬಾವಿ, ಮೂತಿ ಮುಚ್ಚದ ಬೋರು ಇದ್ದರೆ ಚೀಟಿಯಲ್ಲೇ ಬರೆಯಿರಿ. ಅನುಮತಿ ಕೊಟ್ಟ ಮೇಲೆ ಹೊಸ ಅಪಾಯ ಮಾಡಿಡುವುದನ್ನೂ 58ನೇ ಕಲಂ ತಡೆಯುತ್ತದೆ. ಬಂಡೆಯ ಎತ್ತರ ಎಲ್ಲರ ಕಣ್ಣಿಗೂ ಕಾಣುವಂಥದು, ಅದನ್ನು ಯಾರೂ ಬಚ್ಚಿಡಲಾರರು.

ಇನ್ನು ದಾರಿ ಮುಚ್ಚಿಯೇಬಿಟ್ಟರೆ? ಪೊಲೀಸ್ ಠಾಣೆಗೆ ಓಡುವುದು ನಮ್ಮ ಅಭ್ಯಾಸ. ಆದರೆ ಭಾರತೀಯ ನ್ಯಾಯ ಸಂಹಿತೆಯ 126ನೇ ಕಲಂನಲ್ಲೇ ಒಂದು ವಿನಾಯ್ತಿ ಇದೆ: ಖಾಸಗಿ ದಾರಿಯನ್ನು ತಡೆಯುವ ಹಕ್ಕು ತನಗಿದೆ ಎಂದು ಪ್ರಾಮಾಣಿಕವಾಗಿ ನಂಬಿ ತಡೆದವನು ಅಪರಾಧಿಯಲ್ಲ. ಹಕ್ಕಿರುವ ರೈತ ಹಿಡಿಯಬೇಕಾದ ದಾರಿ ಬೇರೆ. ಜಗಳದಿಂದ ಶಾಂತಿಭಂಗವಾಗುವ ಸಂಭವವಿದ್ದರೆ ತಾಲೂಕು ಕಾರ್ಯನಿರ್ವಾಹಕ ದಂಡಾಧಿಕಾರಿಯಾದ ತಹಶೀಲ್ದಾರರ ಮುಂದೆ ನಾಗರಿಕ ಸುರಕ್ಷಾ ಸಂಹಿತೆಯ 166ನೇ ಕಲಂ (ಹಳೆಯ 147) ಬಳಸಬಹುದು. ವರ್ಷವಿಡೀ ಬಳಸುವ ದಾರಿಯಾದರೆ ವಿಚಾರಣೆಗೆ ಕಾರಣವಾದ ದೂರು ಇಲ್ಲವೇ ಪೊಲೀಸ್ ವರದಿ ಅವರಿಗೆ ತಲುಪುವ ಮುಂಚಿನ 3 ತಿಂಗಳೊಳಗೆ, ಸುಗ್ಗಿಗಷ್ಟೇ ಬಳಸುವುದಾದರೆ ಹಿಂದಿನ ಸುಗ್ಗಿಯಲ್ಲಿ ಅಲ್ಲಿ ನಡೆದಿರಬೇಕು. ಬೇಲಿ ಬಿದ್ದ ಮೇಲೆ ವರ್ಷಗಟ್ಟಲೆ ಪಂಚರ ಕಟ್ಟೆಯಲ್ಲಿ ಮಾತಾಡುತ್ತ ಕೂತವರು ಈ ದಾರಿ ಕಳೆದುಕೊಳ್ಳುತ್ತಾರೆ. ಹಕ್ಕು ಯಾರದೆಂದು ಕೊನೆಗೆ ತೀರ್ಮಾನಿಸುವುದು ಸಿವಿಲ್ ನ್ಯಾಯಾಲಯ. ದಾವೆಯ ಜೊತೆಗೇ ತಾತ್ಕಾಲಿಕ ತಡೆಯಾಜ್ಞೆಯನ್ನೂ, ಸ್ಥಳ ನೋಡಲು ಕಮಿಷನರ್ ನೇಮಕವನ್ನೂ ಕೇಳಿ. ಅನುಮತಿ ಚೀಟಿಯಷ್ಟೇ ಇದ್ದ ಬಂಡೆಯವರಿಗೆ ಇದು ಯಾವುದೂ ಇಲ್ಲ. ಹೊರಟುಹೋಗಲು, ಸಾಮಾನು ತೆಗೆದುಕೊಳ್ಳಲು ತಕ್ಕ ಸಮಯ ಮಾತ್ರ ಸಿಗುತ್ತದೆ.

ವಕೀಲರ ಖರ್ಚಿಗೆ ಹಿಂಜರಿಯುವವರು ತಾಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಲಿ, ಇಲ್ಲವೇ 15100ಕ್ಕೆ ಕರೆ ಮಾಡಲಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಉಂಟು. ಲೋಕ ಅದಾಲತ್ತಿನಲ್ಲಿ ರಾಜಿಯಾಗುವುದಾದರೆ ದಾರಿಯ ಅಗಲ ಎಷ್ಟು ಅಡಿ, ಯಾವ ಬದುವಿನಿಂದ ಯಾವ ಬದುವಿಗೆ, ಚಕ್ಕಡಿಗೋ ಟ್ರ್ಯಾಕ್ಟರಿಗೋ ಬರೀ ಕಾಲ್ನಡಿಗೆಗೋ ಎಂಬುದನ್ನು ನಕಾಶೆ ಸಮೇತ ಬರೆಸಿಕೊಳ್ಳಿ. ಆ ರಾಜಿ ತೀರ್ಪಿನ ಮೇಲೆ ಅಪೀಲು ಹೋಗಲು ಬರುವುದಿಲ್ಲ.