ಇಂದಿನ ಧಮ್ಮ ಚಿಂತನೆ: ಚಕ್ರ ಪಿತ್ರಾರ್ಜಿತ ಆಸ್ತಿಯಲ್ಲ



ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಎಷ್ಟೋ ಮನೆಗಳಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಪಟವಿದೆ. ಅವರು ಅರಮನೆಯಲ್ಲಿ ಹುಟ್ಟಿದರೆಂದಲ್ಲ. ಕನ್ನಂಬಾಡಿ ಕಟ್ಟೆ ಕಟ್ಟಿಸಿದರು. ಸರ್ಕಾರಿ ನೌಕರಿಯಲ್ಲಿ ಹಿಂದುಳಿದವರಿಗೂ ಪಾಲು ಸಿಗಲೆಂದು 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ಸಿಂಹಾಸನ ಹುಟ್ಟಿನಿಂದ ಬಂತು, ಗೌರವ ಕೆಲಸದಿಂದ ಬಂತು.

ದೀಘನಿಕಾಯದ ಚಕ್ಕವತ್ತಿ ಸೀಹನಾದ ಸುತ್ತದಲ್ಲಿ ಭಗವಾನ್ ಬುದ್ಧರು ಹೇಳುವ ಕಥೆಯೂ ಇದೇ. ರಾಜನೊಬ್ಬ ಮಗನಿಗೆ ಪಟ್ಟ ಕಟ್ಟಿ ಮನೆ ಬಿಟ್ಟು ಹೊರಡುತ್ತಾನೆ. ಏಳು ದಿನಕ್ಕೆ ಚಕ್ರರತ್ನ ಮಾಯ! ಅಳುತ್ತಾ ಬಂದ ಮಗನಿಗೆ ಅಪ್ಪ ತಿಳಿಸುತ್ತಾನೆ: ಚಕ್ರ ಅಪ್ಪನಿಂದ ಮಗನಿಗೆ ಬರುವ ಆಸ್ತಿಯಲ್ಲ. ಪ್ರಜೆಗಳನ್ನೂ ಪ್ರಾಣಿಪಕ್ಷಿಗಳನ್ನೂ ಕಾಪಾಡು, ಇಲ್ಲದವರಿಗೆ ಕೊಡು, ಆಗ ಅದು ತಾನಾಗಿ ಬರುತ್ತದೆ. ಮುಂದೆ ಇನ್ನೊಬ್ಬ ರಾಜ ಬಡವರಿಗೆ ಕೊಡುವುದನ್ನು ಮರೆತ. ಬಡತನದಿಂದ ಕಳ್ಳತನ, ಕಳ್ಳತನದಿಂದ ಕೊಲೆ ಬೆಳೆಯಿತು.

ಇಂದು ರಾಜರಿಲ್ಲ. 1950ರ ಜನವರಿ 26ರಂದು ಬಾಬಾಸಾಹೇಬರ ಸಂವಿಧಾನ ಜಾರಿಗೆ ಬಂದು ರಾಜಧರ್ಮ ನಮ್ಮ ಹೆಗಲೇರಿತು. ಅಶೋಕನ ಚಕ್ರ ನಮ್ಮ ಬಾವುಟದಲ್ಲಿದೆ. ನೋಟಿಗೆ ಓಟು ಮಾರಿಕೊಂಡ ದಿನ, ಮುಖಂಡನ ಕಾಲಿಗೆ ಬಿದ್ದ ದಿನ, ಆ ಚಕ್ರ ನಮ್ಮ ಕೈಜಾರುತ್ತದೆ.

ಧಮ್ಮವೂ ಹಾಗೆಯೇ. ಅಪ್ಪ ದೀಕ್ಷೆ ಪಡೆದರೆಂದು ಮಕ್ಕಳು ಬೌದ್ಧರಾಗುವುದಿಲ್ಲ. ಜಾತಿ ಪತ್ರ ತಲೆಮಾರಿಗೆ ದಾಟೀತು, ಶೀಲ ದಾಟದು. ಅದನ್ನು ಪ್ರತಿಯೊಬ್ಬರೂ ಹೊಸದಾಗಿ ಸಂಪಾದಿಸಬೇಕು.

ಇಂದಿನ ಅಭ್ಯಾಸ: ರಾತ್ರಿ ಊಟವಾದ ಮೇಲೆ ಮಕ್ಕಳೊಂದಿಗೆ ಕೂತು ಪಂಚಶೀಲ ಹೇಳಿ. ಒಂದು ಶೀಲವನ್ನು ಆರಿಸಿ, ಇವತ್ತು ಅದನ್ನು ಎಲ್ಲಿ ಪಾಲಿಸಿದೆವು ಎಂದು ಒಬ್ಬೊಬ್ಬರೂ ಮಾತಾಡಿ.

ಭವತು ಸಬ್ಬ ಮಂಗಲಂ. ಜೈ ಭೀಮ್.